ನಗುಮುಖದ ಲೋಕೇಶನನ್ನು ಕೆಲಸಕ್ಕಿಟ್ಟುಕೊಂಡದ್ದು

ಬೆಟ್ಟದಪುರದಲ್ಲಿ ನನ್ನದೊಂದು ಶಾಮಿಯಾನದ ಅಂಗಡಿ ಇದೆ. ಮದುವೆಗೂ ಸಾವಿಗೂ ಕುರ್ಚಿ ಅವೇ. ಮೇಲೆ ಕಟ್ಟುವ ಬಟ್ಟೆ ಮಾತ್ರ ಬೇರೆ. ಕಳೆದ ಬೇಸಿಗೆಯಲ್ಲಿ ಒಬ್ಬ ಕೆಲಸಗಾರ ಬೇಕಾಯಿತು. ಆರಿಸುವ ಬಗೆ ನನಗೆ ಚೆನ್ನಾಗಿ ತಿಳಿದಿತ್ತು. ಮೊಬೈಲಿನಲ್ಲಿ ಕೋಟು ತೊಟ್ಟ ಒಬ್ಬರು ಹೇಳಿದ್ದರು: ಕೆಲಸ ಕಲಿಸಬಹುದು, ಒಳ್ಳೆಯ ಮನೋಭಾವ ಕಲಿಸಲಾಗದು.

ಇಬ್ಬರು ಬಂದರು. ಮೊದಲನೆಯವರು ಇದೇ ಕೆಲಸದಲ್ಲಿ ಪಳಗಿದ ಸಿದ್ದಪ್ಪ.

"ಕಂಬ ಹತ್ತುತ್ತೀರಾ?" ಎಂದೆ.

"ಅತ್ತದೇನೋ ಅತ್ತೀನಿ. ಬಿದ್ರೆ ಆಸ್ಪತ್ರೆಗೆ ಯಾರ್ ಕರ್ಕೊಂಡೋಗೋರು?"

ಮನೋಭಾವ ಸರಿಯಿಲ್ಲ! ಎರಡನೆಯವನು ಲೋಕೇಶ. ಅದೇ ಪ್ರಶ್ನೆ ಕೇಳಿದೆ.

"ಅತ್ತೀನಿ ಸಾ!"

"ಹಿಂದೆ ಯಾವತ್ತಾದರೂ ಹತ್ತಿದ್ದೀಯಾ?"

"ಇಲ್ಲ ಸಾ!" ಅದನ್ನೂ ನಗುತ್ತಲೇ ಹೇಳಿದ. ಅಲ್ಲೇ ನೇಮಕವಾಯಿತು.

ನನ್ನ ಹೆಂಡತಿ ಶೋಭಾ ಮಾತ್ರ, "ಸಾವಿನ ಮನೆಗೂ ಇವ್ನೇ ಓಗ್ಬೇಕಲ್ರೀ, ಅಲ್ಲೂ ಇಂಗೇ ಅಲ್ಲು ಕಿರೀತಾನಾ?" ಎಂದಳು. ಸದರಿ ಆಕ್ಷೇಪಣೆಯನ್ನು ನಾನು ತಳ್ಳಿಹಾಕಿದೆ.

ಮೊದಲ ತಿಂಗಳು ಮುಗಿಯುವ ಮೊದಲೇ ರಾವಂದೂರು ಕಡೆ ಒಂದು ಹಳ್ಳಿಯಲ್ಲಿದ್ದ ಶೋಭಾಳ ದೊಡ್ಡಪ್ಪ ತೀರಿಕೊಂಡರು. ತೊಂಬತ್ತು ದಾಟಿದ ಜೀವ. ಅವರ ಒಬ್ಬಳೇ ಮಗಳು ಮುಂಬೈಯಿಂದ ಹೊರಟಿದ್ದಳು. ಮಾರನೆಯ ಬೆಳಿಗ್ಗೆ ಅವಳು ಬಂದು ಅಪ್ಪನ ಮುಖ ನೋಡುವ ತನಕ ದೇಹ ಕೆಡಬಾರದು. ಅದಕ್ಕೆ ನಮ್ಮ ಅಂಗಡಿಯ ಫ್ರೀಜರ್ ಪೆಟ್ಟಿಗೆಯೇ ಗತಿ.

ನಾನು ಪಿರಿಯಾಪಟ್ಟಣದಲ್ಲಿ ಮದುವೆಯ ಚಪ್ಪರದ ಕೆಲಸದಲ್ಲಿದ್ದೆ. ಲೋಕೇಶನಿಗೆ ಫೋನು ಮಾಡಿ, "ನಮ್ಮ ಮನೆಯವಳ ಕಡೆಯವರು. ಯಾವುದಕ್ಕೂ ಕಮ್ಮಿ ಮಾಡಬೇಡ" ಎಂದೆ.

"ಯಾವ್ದುಕ್ಕೂ ಕಮ್ಮಿ ಮಾಡಲ್ಲ ಸಾ!"

ಸಂಜೆ ಸಾವಿನ ಮನೆಯಿಂದ ಶೋಭಾಳ ಫೋನು ಬಂತು. "ಬಾಗ್ಲಿಗೆ 'ಸುಸ್ವಾಗತ' ಬೋರ್ಡ್ ಕಟ್ಟವ್ನೆ ಕಣ್ರೀ! ಸೀರಿಯಲ್ ಲೈಟ್ ಬೇರೆ! ಬಂದೋರ್ಗೆಲ್ಲ ಕೈ ಮುಗಿದು 'ಬನ್ನಿ ಬನ್ನಿ, ಕಾಪಿ ಕುಡೀರಿ' ಅಂತವ್ನೆ!"

ನನ್ನ ಬೈಕು ಅಷ್ಟು ವೇಗವಾಗಿ ಹಿಂದೆಂದೂ ಓಡಿರಲಿಲ್ಲ. ನೋಡಿದರೆ, ಕೆಂಪು ಹಸಿರು ದೀಪಗಳು ಮಿನುಗುತ್ತಿವೆ. ಕೆಳಗೆ ಲೋಕೇಶನ ಹಲ್ಲೂ ಮಿನುಗುತ್ತಿದೆ. ಅವನನ್ನು ಕೊಟ್ಟಿಗೆಯ ಹಿಂದಕ್ಕೆ ಎಳೆದೊಯ್ದೆ.

"ಮುಖ ಸ್ವಲ್ಪ ಇಳಿಸೋ!"

ಇಳಿಸಿದ. ಹಲ್ಲುನೋವು ಬಂದವನಂತೆ ಕಂಡ. ಅದನ್ನು ನೋಡಿದ ಒಬ್ಬರು ಮುದುಕರು ಅವನಿಗೆ ಲವಂಗ ಕೊಟ್ಟರು!

ಉಳಿದದ್ದನ್ನು ನಾನೇ ಸರಿಪಡಿಸಬೇಕೆಂದು ನಿಶ್ಚಯಿಸಿದೆ. ಸುಸ್ವಾಗತವನ್ನು ಬಿಚ್ಚಿ ಹುಲ್ಲಿನ ಮೆದೆಯ ಹಿಂದೆ ಇಟ್ಟೆ. ಜಗುಲಿಯ ಮೂಲೆಯಲ್ಲಿದ್ದ ಸ್ವಿಚ್ಚನ್ನು ಆರಿಸಿದೆ. ದೀಪಗಳು ನಿಂತವು. ಪೆಟ್ಟಿಗೆಯ ವೈರೂ ಅದೇ ಸ್ವಿಚ್ಚಿಗೆ ಸೇರಿತ್ತು. ಅದು ನನಗೆ ಗೊತ್ತಿರಲಿಲ್ಲ.

ಪೆಟ್ಟಿಗೆಯ ಪಕ್ಕದಲ್ಲೇ ಕೈಕಟ್ಟಿ ಗಂಭೀರವಾಗಿ ಕುಳಿತೆ. ಲವಂಗ ಕೊಟ್ಟ ಮುದುಕರು ಕಿವಿಗೊಟ್ಟು ಕೇಳಿ, "ಆಗ್ಲಿಂದ ಗುಯ್ ಅಂತಿತ್ತು, ಈಗ ಸದ್ದೇ ಇಲ್ವಲ್ಲಪ್ಪ" ಎಂದರು.

"ಹೊಸ ಮಾದರಿ. ಒಮ್ಮೆ ತಂಪು ಹಿಡಿದ ಮೇಲೆ ಸದ್ದು ಬರುವುದಿಲ್ಲ" ಎಂದು ವಿವರಿಸಿದೆ.

ಅವರು ಮೆಚ್ಚಿ ತಲೆದೂಗಿದರು. ನಾನೂ ತಲೆದೂಗಿದೆ.

ಸ್ವಲ್ಪ ಹೊತ್ತಿಗೆ ಗಾಜಿನ ಮುಚ್ಚಳದ ಒಳಗೆ ಮಂಜು ಕಟ್ಟಿತು. ಮಂಜು ನೀರಾಯಿತು. ಒಂದು ಹನಿ ದೊಡ್ಡಪ್ಪನ ಹಣೆಯ ಮೇಲೆ ಬಿತ್ತು. ಇನ್ನೊಂದು ಕೆನ್ನೆಯ ಮೇಲೆ ಹರಿಯಿತು. ಎದುರಿಗೆ ಕುಳಿತಿದ್ದ ಅವರ ಹೆಂಡತಿ, ನಮ್ಮ ದೊಡ್ಡವ್ವ, ಬಾಗಿ ನೋಡಿದರು.

"ಬೆವರ್ತಾವ್ರೆ ಕಣ್ರಪ್ಪೋ!"

ಆಮೇಲಿನದನ್ನು ಕಂಡಷ್ಟೇ ಹೇಳುತ್ತೇನೆ. ಹೆಂಗಸರು ಎದ್ದು ನಿಂತರು. "ಉಸ್ರಾಡ್ತಾವ್ರಾ?" ಎಂದು ಒಬ್ಬರು ಕೂಗಿದರು. "ಡಾಕ್ಟ್ರನ್ನ ಕರೀರ್ಲಾ!" ಎಂದು ಇನ್ನೊಬ್ಬರು ಓಡಿದರು. ಮುದುಕರು ನನ್ನ ಕಡೆ ತಿರುಗಿ, "ಇದೂ ಒಸಾ ಮಾದರೀನಾ?" ಎಂದು ಕೇಳಿದರು. ದೊಡ್ಡವ್ವನ ಮುಖದಲ್ಲಿ ಒಂದು ಕ್ಷಣ ಆಸೆ ಮೂಡಿತ್ತು. ಆ ಮುಖ ಇಂದಿಗೂ ಕಣ್ಣ ಮುಂದೆ ಬರುತ್ತದೆ.

ಲೋಕೇಶ ವೈರಿನ ಜಾಡು ಹಿಡಿದು ಹೋಗಿ ಸ್ವಿಚ್ಚು ಹಾಕಿದ. ಪೆಟ್ಟಿಗೆ ಗುಯ್ ಎಂದಿತು. ಕೆಂಪು ಹಸಿರು ದೀಪಗಳೂ ಹತ್ತಿಕೊಂಡವು. ಅವನು ದೊಡ್ಡವ್ವನ ಪಕ್ಕ ಕುಳಿತು, "ಕರೆಂಟ್ ನಿಂತಿತ್ತು ಕಣವ್ವ, ಅದು ಬರೀ ನೀರು. ಅಕ್ಕ ಬರಗಂಟ ನಾನ್ ಇಲ್ಲೇ ಇರ್ತೀನಿ, ಯೋಚ್ನೆ ಮಾಡ್ಬೇಡಿ" ಎಂದ. ಈಗಲೂ ಮುಖದ ಮೇಲೆ ನಗು ಇತ್ತು. ದೊಡ್ಡವ್ವ ಅವನ ಕೈ ಹಿಡಿದುಕೊಂಡರು.

ಆಮೇಲೆ ಬಾಗಿಲ ಕಡೆ ನೋಡಿ ಕೇಳಿದರು: "ಬೋರ್ಡ್ ಯಾರ್ ಕಿತ್ತಾಕಿದ್ದು?"

"ನಾನೇ ದೊಡ್ಡವ್ವ. ಸಾವಿನ ಮನೆಗೆ ಸುಸ್ವಾಗತ ಸರಿಯಿಲ್ಲ ಅಂತ..."

"ಮರಿಮಕ್ಕಳ್ನ ಕಂಡು ಓಗಿರೋ ಜೀವ ಕಣ್ ಅಳಿಮಯ್ಯ. ತಮಟೆ ಒಡ್ಸಿ, ಊವಿನ ಪಲ್ಲಕ್ಕೀಲಿ ಕಳಿಸ್ತೀವಿ. ಲೈಟ್ ಆಕು ಅಂತ ನಾನೇ ಏಳಿದ್ದು. ಬೋರ್ಡು ಆ ಮಗ ಅವ್ನಾಗೇ ಕಟ್ದ. ಇರ್ಲಿ ಅಂದೆ. ನಿಮಗೇನಾಗಿತ್ತು?"

ಇದಕ್ಕೆ ಉತ್ತರ ಮೊಬೈಲಿನ ಕೋಟು ತೊಟ್ಟವರೂ ಹೇಳಿಕೊಟ್ಟಿರಲಿಲ್ಲ.

ಬೆಳಿಗ್ಗೆ ಮಗಳು ಬಂದಳು. ಅಪ್ಪನ ಮುಖ ಮುಟ್ಟಿ, "ಮಲಗಿರೋ ಅಂಗೇ ಅವ್ರೆ" ಎಂದು ಅತ್ತಳು. ನಾನು ಕಂಬದ ಹಿಂದೆ ನಿಂತು ಉಸಿರು ಬಿಟ್ಟೆ.

ತಿಥಿಯ ಶಾಮಿಯಾನವೂ ನಮಗೇ ಸಿಕ್ಕಿತು. ದೊಡ್ಡವ್ವ ಫೋನು ಮಾಡಿದ್ದು ಲೋಕೇಶನಿಗೆ! ನಾನು ಮಾಲೀಕನಾಗಿ ಅಲ್ಲ, ನೆಂಟನಾಗಿ ಊಟಕ್ಕೆ ಹೋದೆ. ಲೋಕೇಶ ನಗುತ್ತಾ ಬಂದು ಕೈ ಹಿಡಿದ, ಸುತ್ತಲೂ ನೋಡಿದ, ಸ್ವಿಚ್‌ಬೋರ್ಡು ಇಲ್ಲದ ಕಡೆ ಕುರ್ಚಿ ಹಾಕಿ ನನ್ನನ್ನು ಕೂರಿಸಿದ.