ಮನೆಗೆ ಬೆಲೆ ಕಟ್ಟಿದ ದಿನ

ಬ್ಯಾಂಕಿನ ಮನೆಸಾಲ ವಿಭಾಗದ ಈ ಗುಮಾಸ್ತರು ಬಾಯಿಯೊಂದನ್ನೇ ಬಳಸಲು ಬಲ್ಲವರು. ಕಿವಿಗಳೇನಿದ್ದರೂ ಕನ್ನಡಕ ಸಿಕ್ಕಿಸುವ ಗೂಟಗಳು.

ಪ್ರತಿ ಭಾನುವಾರ ತಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ಮನೆ ಕೊಳ್ಳುವವರನ್ನು ಚಾಪೆಯ ಮೇಲೆ ಕೂರಿಸಿ ಪುಕ್ಕಟೆ ಉಪದೇಶಾಮೃತ ಸುರಿಸುತ್ತಿದ್ದರು. "ಬ್ಯಾಂಕು ನಿಮ್ಮ ಮುಖ ನೋಡಿ ಸಾಲ ಕೊಡಲ್ಲ. ಮೊದಲು ನಿಮ್ಮ ಸಂಬಳ ನೋಡುತ್ತೆ. ಆಮೇಲೆ ವಕೀಲರು ಕಾಗದಪತ್ರ ನೋಡ್ತಾರೆ. ಕೊನೆಗೆ ಎಂಜಿನಿಯರ್ ಬಂದು ಮನೆಗೆ ಬೆಲೆ ಕಟ್ತಾರೆ. ಆ ಬೆಲೆ ಎಷ್ಟೋ, ಸಾಲ ಅದರ ಲೆಕ್ಕದಲ್ಲೇ. ಅವರು ಬಂದಾಗ ಬಾಯಿ ಬಿಡಬೇಡಿ!"

ಅಷ್ಟರಲ್ಲಿ ಅವರ ಹೆಂಡತಿಯೇ ಒಂದು ಮನೆ ಮೆಚ್ಚಿದರು. ಇಷ್ಟು ವರ್ಷ ಗೋಡೆ ನೋಡಿಕೊಂಡು ಅಡುಗೆ ಮಾಡಿದವರಿಗೆ, ಒಲೆಯ ಮುಂದಿನ ಕಿಟಕಿಯಲ್ಲಿ ರಸ್ತೆಯ ತಿರುವು ಕಾಣುವುದೇ ಒಂದು ಸಾಮ್ರಾಜ್ಯ. ಕೈಯಲ್ಲಿದ್ದದ್ದನ್ನೆಲ್ಲ ಇಬ್ಬರೂ ಮುಂಗಡ ಕೊಡಲು ಸಿದ್ಧಮಾಡಿಟ್ಟರು; ಉಳಿದದ್ದು ಸಾಲದಿಂದಲೇ ಬರಬೇಕು.

"ರೀ, ಎಂಜಿನಿಯರ್ ಬರೋ ಹೊತ್ತಿಗೆ ನೀವು ಆಫೀಸಿಗೆ ಹೋಗಿಬಿಡಿ. ಮನೆ ನಾನು ತೋರಿಸ್ತೀನಿ."

"ನಿನಗೇನೇ ಗೊತ್ತು? ಅದೆಲ್ಲ ತಾಂತ್ರಿಕ ವಿಷಯ."

ಬಂದ ಎಂಜಿನಿಯರ್ ಚಿಕ್ಕ ಹುಡುಗಿ. ಗೋಡೆ ತಟ್ಟಿ, "ಚೆನ್ನಾಗಿದೆ" ಎಂದಳು. ಗುಮಾಸ್ತರಿಗೆ ತಡೆಯಲಾಗಲಿಲ್ಲ.

"ಮೇಲೆ ನೋಡಮ್ಮ. ಆ ಮೂಲೇಲಿ ತೇವ ಇಳಿದಿದೆ."

"ಅಬ್ಬ! ನನ್ನ ಕಣ್ಣಿಗೇ ಬಿದ್ದಿರಲಿಲ್ಲ ಸಾರ್."

ಇಂಥ ಬಿರುದು ಸಿಕ್ಕ ಮೇಲೆ ಕೇಳಬೇಕೆ? ದಿಗ್ವಿಜಯ ಹೊರಟೇಬಿಟ್ಟಿತು. ಮೆಟ್ಟಿಲ ಬಿರುಕು, ವಾಲಿದ ಕಾಂಪೌಂಡು, ತುಕ್ಕು ಹಿಡಿದ ಕೊಳಾಯಿ, ಯಾವುದನ್ನೂ ಬಿಡಲಿಲ್ಲ. ಹೆಂಡತಿ ಕೆಮ್ಮಿದರು. "ನೀರು ಕುಡಿಯೇ" ಎಂದು ಹೇಳಿ ಗುಮಾಸ್ತರು ಎಂಜಿನಿಯರನ್ನು ತಾರಸಿಗೆ ಕರೆದೊಯ್ದರು (ಅಲ್ಲೂ ಒಂದು ಸೋರಿಕೆಯಿತ್ತು).

ಮನೆಯ ಬೆಲೆ ಇಳಿಯಿತು, ಅದರ ಜೊತೆಗೆ ಸಾಲವೂ ಇಳಿಯಿತು. ಕೊರತೆ ತುಂಬಲು ಇವರಲ್ಲಿ ಏನೂ ಉಳಿದಿರಲಿಲ್ಲ. ಮನೆ ಬೇರೆ ಯಾರದೋ ಪಾಲಾಯಿತು.

ಹೆಂಡತಿ ಜಗಳವಾಡಿದ್ದರೆ ಗುಮಾಸ್ತರು ಬದುಕಿಕೊಳ್ಳುತ್ತಿದ್ದರು. ಆಕೆ, "ಊಟಕ್ಕೆ ಬನ್ನಿ" ಎಂದಷ್ಟೇ ಕರೆದು, ಮತ್ತೆ ಗೋಡೆಯತ್ತ ತಿರುಗಿ ನಿಂತರು. ಗುಮಾಸ್ತರು ತಲೆ ಎತ್ತದೆ ಉಂಡರು. ಎರಡನೇ ಸಲ ಬಡಿಸಿಕೊಳ್ಳಲೂ ನಾಚಿಕೆ.

ಭಾನುವಾರ ಹೊಸದಾಗಿ ಮದುವೆಯಾದವನೊಬ್ಬ ಕೇಳಿದ: "ಸಾರ್, ಎಂಜಿನಿಯರ್ ಬಂದಾಗ ನಾವೇನು ಮಾಡಬೇಕು?"

ಒಳಗೆ ಪಾತ್ರೆಗಳ ಸದ್ದು ನಿಂತಿತು. ಗುಮಾಸ್ತರ ಮುಖ ಕೆಂಪಾಯಿತು.

"ಅದನ್ನ ನಮ್ಮ ಮನೆಯವರು ಹೇಳ್ತಾರೆ" ಎಂದು ಕುರ್ಚಿ ಬಿಟ್ಟೆದ್ದರು.

ಆಕೆ ಕೈ ಒರೆಸಿಕೊಂಡು ಬಂದು ಆ ಕುರ್ಚಿಯಲ್ಲಿ ಕುಳಿತರು. "ಮೊದಲು ಗಂಡನ್ನ ಹೊರಗೆ ಕಳಿಸಿ."

ಎಲ್ಲರೂ ನಕ್ಕರು. ಗುಮಾಸ್ತರು ನಗು ಮುಗಿಯುವವರೆಗೆ ಕಾದು, ಚಾಪೆಯ ತುದಿಯಲ್ಲಿ ಜಾಗ ಮಾಡಿಕೊಂಡು ಕೂತು, "ಆಮೇಲೆ?" ಎಂದು ಕೇಳಿದರು.