ಬಹುಮತದ ಕೊಲೆಗಾರ

ಗ್ರಂಥಾಲಯದ ಎಲ್ಲ ಪತ್ತೇದಾರಿ ಕಾದಂಬರಿಗಳ ಕೊನೆಯ ಅಧ್ಯಾಯವನ್ನು ಕತ್ತರಿಸಿ, ಪ್ರತ್ಯೇಕ ಬೀರುವಿನಲ್ಲಿಟ್ಟು ಬೀಗ ಹಾಕಲಾಗಿದೆ ಎಂದು ಈ ಮೂಲಕ ಓದುಗರಿಗೆ ತಿಳಿಸಲಾಗಿತ್ತು. ಶನಿವಾರದ ಓದುಗರ ಕೂಟದಲ್ಲಿ ದಂತವೈದ್ಯರು ಚರ್ಚೆಯ ಭರದಲ್ಲಿ ಒಬ್ಬ ಕೊಲೆಗಾರನ ಹೆಸರು ಬಾಯಿಬಿಟ್ಟಿದ್ದೇ ಇದಕ್ಕೆ ಕಾರಣ. ಉಳಿದ ಹನ್ನೊಂದು ಮಂದಿ ಸದಸ್ಯರು ಅಂದಿನಿಂದ ಅವರಿಗೆ ಹಲ್ಲು ತೋರಿಸುವುದನ್ನೇ ಬಿಟ್ಟಿದ್ದರು.

ಆ ಹನ್ನೊಂದು ಮಂದಿಯಲ್ಲಿ ಒಬ್ಬನಾದ ಗಡಿಯಾರ ರಿಪೇರಿಯವನಿಗೆ ನಿಯಮದ ಬಿಸಿ ತಟ್ಟಿದ್ದು ಗುರುವಾರ. ಅವನ ಅಕ್ಕನಿಗೆ ಸೋಮವಾರ ಕಣ್ಣಿನ ಆಪರೇಷನ್. ಅವಳಿಗೆ ಅವನು ಓದಿ ಹೇಳುತ್ತಿದ್ದದ್ದು ಹಳೆಯ ಅರಮನೆಯೊಂದರ ಕಥೆ: ರಾಜವೈದ್ಯನಿಗೆ ವಿಷವಿಟ್ಟವರನ್ನು ಅತ್ತರು ತಯಾರಿಸುವ ಹೆಂಗಸು ಮೂಗಿನಿಂದಲೇ ಹುಡುಕುತ್ತಾಳೆ.

"ಅರಮನೆ ಗಂಟೆ ಹೊಡೆಯೋನೇ ಕೊಂದಿರೋದು," ಎಂದಳು ಅಕ್ಕ.

"ಸಮಯ ಕಾಯೋರು ಅಂಥ ಕೆಲಸ ಮಾಡಲ್ಲಕ್ಕಾ."

"ನಿನ್ನ ಕಸುಬಿನೋನು ಅಂತ ವಕಾಲತ್ತು ಮಾಡ್ಬೇಡ. ಹೋಗಿ ಕೊನೇ ಅಧ್ಯಾಯ ತಗೊಂಡ್ಬಾ. ಅದು ಗೊತ್ತಾಗದೆ ನಾನು ಆಸ್ಪತ್ರೆ ಮೆಟ್ಟಿಲು ಹತ್ತಲ್ಲ, ಅಷ್ಟೇ."

ಊರಿಗಿದ್ದದ್ದು ಒಂದೇ ಪ್ರತಿ. ಬಂದ ದಿನವೇ ಅದಕ್ಕೆ ಕತ್ತರಿ ಬಿದ್ದಿತ್ತು. ಗ್ರಂಥಪಾಲಕಿ ಅರ್ಜಿ ನಮೂನೆ ಮುಂದಿಟ್ಟರು.

"ಕೊಲೆಗಾರ ಯಾರು ಅಂತ ಇಲ್ಲಿ ಬರೀರಿ."

"ತಪ್ಪಾದ್ರೆ?"

"ಪುಸ್ತಕ ಗಮನವಿಟ್ಟು ಓದಿಲ್ಲ ಅಂತಾಯ್ತು. ಅರ್ಜಿ ವಜಾ."

"ಸರಿಯಾದ್ರೆ?"

"ಗೊತ್ತಿರೋದನ್ನೇ ಮತ್ತೆ ಯಾಕೆ ಓದ್ಬೇಕು ಅಂತ ವಿವರಣೆ ಕೇಳ್ತೀವಿ."

ಅವನು "ಗಂಟೆ ಹೊಡೆಯುವವನು" ಎಂದು ಬರೆದ. ಸ್ವಂತ ತಮ್ಮನನ್ನೇ ಹಿಡಿದುಕೊಟ್ಟವನ ಹಾಗೆ ಅರ್ಜಿಯನ್ನು ಮಗುಚಿ ಕೊಟ್ಟ. ಸರಿಯೋ ತಪ್ಪೋ ನೋಡಲು ಗ್ರಂಥಪಾಲಕಿ ಬೀರು ತೆರೆದರು. ಒಳಗಿದ್ದದ್ದು ಬರೀ ಪುಡಿ. ಅಷ್ಟೂ ಅಧ್ಯಾಯಗಳನ್ನು ಗೆದ್ದಲು ತಿಂದುಹಾಕಿತ್ತು. ಅವರು ಮುಖದ ಒಂದು ಗೆರೆಯನ್ನೂ ಅಲುಗಿಸದೆ ದಾಖಲೆ ಪುಸ್ತಕದಲ್ಲಿ ಬರೆದರು: "ಪೂರ್ತಿಯಾಗಿ ಬಳಕೆಯಾಗಿವೆ."

ಶನಿವಾರ ತುರ್ತು ಸಭೆ ಸೇರಿತು. ಅರಮನೆ ಕಥೆಯ ಕೊಲೆಗಾರನನ್ನು ಕೈ ಎತ್ತುವ ಮೂಲಕ ಆರಿಸುವುದೆಂದಾಯಿತು. ದಂತವೈದ್ಯರಿಗೆ ಮತದಾನದ ಹಕ್ಕು ಕೊಡಲಿಲ್ಲ. ರಾಣಿಯ ತಮ್ಮನಿಗೆ ಐದು ಮತ, ಗಂಟೆ ಹೊಡೆಯುವವನಿಗೆ ಐದು. ಎಲ್ಲರೂ ಗಡಿಯಾರ ರಿಪೇರಿಯವನ ಕಡೆ ತಿರುಗಿದರು. ಅವನು ಅಕ್ಕನ ಕಣ್ಣು ನೆನೆದು, ಕಸುಬಿನ ಮಾನ ಬದಿಗಿಟ್ಟು, ಗಂಟೆಯವನಿಗೆ ಕೈ ಎತ್ತಿದ.

ಸೂಚನಾ ಫಲಕದಲ್ಲಿ ತೀರ್ಮಾನ ಅಂಟಿಸಲಾಯಿತು. ಆಕ್ಷೇಪಣೆಗೆ ಏಳು ದಿನ. ಅಕ್ಕ ಬೀಗುತ್ತಾ ಆಸ್ಪತ್ರೆಗೆ ಹೋದಳು.

ಹತ್ತನೆಯ ದಿನ, ಅವನು ಗ್ರಂಥಾಲಯದ ಗೋಡೆ ಗಡಿಯಾರಕ್ಕೆ ಕೀ ಕೊಡುತ್ತಿದ್ದಾಗ, ಒಬ್ಬ ಹೆಂಗಸು ಏದುಸಿರು ಬಿಡುತ್ತಾ ಬಂದರು. "ಕೊಂದಿದ್ದು ರಾಣಿ ತಮ್ಮ ಕಣ್ರೀ! ಆ ಕಾದಂಬರಿ ಬರೆದೋಳು ನಾನು!"

"ಇರಬಹುದಮ್ಮ," ಎಂದರು ಗ್ರಂಥಪಾಲಕಿ. "ಆದ್ರೆ ಗಡುವು ಮುಗಿದು ಮೂರು ದಿನ ಆಯ್ತು."

ಲೇಖಕಿ ಬೆಂಚಿನ ಮೇಲೆ ಕುಸಿದರು. "ಪಾಪ, ಆ ಗಂಟೆಯೋನು ಏನ್ರೀ ಮಾಡಿದ್ದ?"

"ವೈದ್ಯ ಸತ್ತ ಬೆಳಿಗ್ಗೆ ಆರು ಹೊಡೀಬೇಕಾದ ಕಡೆ ಐದೇ ಹೊಡೆದಿದಾನಂತೆ," ಎಂದ ಅವನು ಅಳುಕುತ್ತಾ. "ನಮ್ಮಕ್ಕ ಎಣಿಸಿದ್ಲು."

ಲೇಖಕಿ ಪುಸ್ತಕದ ಆ ಪುಟ ತೆಗೆದು 'ಢಣ್'ಗಳನ್ನು ಬೆರಳಿಟ್ಟು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ತಾನೇ ಲೆಕ್ಕ ತಪ್ಪಿ ಬರೆದದ್ದೆಂದು ಒಪ್ಪಿಕೊಳ್ಳುವ ಬದಲು ಪುಸ್ತಕ ಮುಚ್ಚಿದರು.

"ಇನ್ನೊಂದು ಕಾದಂಬರಿ ಅರ್ಧಕ್ಕೆ ನಿಂತಿದೆ," ಎಂದರು ಕೊನೆಗೆ, ದನಿ ತಗ್ಗಿಸಿ. "ನಿಮ್ಮ ಸಭೆ ಇನ್ನು ಯಾವತ್ತು?"

"ಶನಿವಾರ ನಾಲ್ಕು ಗಂಟೆಗೆ," ಎಂದರು ಗ್ರಂಥಪಾಲಕಿ. "ಶವ ಎಲ್ಲಿ ಸಿಗುತ್ತೆ ಅನ್ನೋದನ್ನಷ್ಟೇ ಬರ್ಕೊಂಡು ಬನ್ನಿ. ಉಳಿದದ್ದು ಸಮಿತಿ ನೋಡ್ಕೊಳ್ಳುತ್ತೆ."