ಹೂವಿನ ಪಾತಿಯಲ್ಲಿ ದಿಢೀರ್ ತಪಾಸಣೆ

ಮೂವತ್ತು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನಿಗೆ ಒಂದು ಹೂವಿನ ಪಾತಿ ಯಾವ ಮಹಾ ಕೆಲಸ? ಕೋಲಾರದಲ್ಲಿ ಕೊನೆಗೂ ಸ್ವಂತ ಮನೆಯಾಗಿತ್ತು. ಗೇಟಿನ ಪಕ್ಕ, ಕಾಂಪೌಂಡ್ ಗೋಡೆಯುದ್ದಕ್ಕೂ ಒಂದಷ್ಟು ಮಣ್ಣು ಖಾಲಿ ಬಿದ್ದಿತ್ತು.

"ಬಾಡಿಗೆ ಮನೆಗಳಲ್ಲಿ ಡಬ್ಬದಲ್ಲಿ ತುಳಸಿ ಬೆಳೆಸಿದ್ದೇ ಆಯ್ತು. ಗೇಟು ತೆಗೆದ್ರೆ ಹೂವು ಕಾಣ್ಬೇಕು ನೋಡಿ, ಅಷ್ಟೇ ನನ್ನಾಸೆ," ಎಂದಳು ಹೆಂಡತಿ ಸರೋಜ. ಗೌರಿ ಹಬ್ಬಕ್ಕೆ ಮಾಲೂರಿನಿಂದ ಅವಳ ಅಕ್ಕ ಬರುವವರಿದ್ದರು. ಅಷ್ಟರೊಳಗೆ ಪಾತಿ ತುಂಬ ಹೂವು ಅರಳಿಸುತ್ತೇನೆಂದು ಮಾತು ಕೊಟ್ಟೆ. ಅವಳ ಮುಖ ಅರಳಿದ್ದು ನೋಡಿ ನನಗೂ ಖುಷಿಯಾಯಿತು.

ಹಳೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ನಕ್ಷೆ ಬರೆದೆ. ಹಿಂದೆ ಗೋಡೆಯ ಬುಡಕ್ಕೆ ಎತ್ತರದ ಚೆಂಡುಹೂವು, ನಡುವೆ ಸೇವಂತಿಗೆ ಮತ್ತು ಕೋಳಿಜುಟ್ಟು, ಮುಂದೆ ನೆಲಕ್ಕೆ ಹರಡುವ ಟೇಬಲ್ ರೋಸ್. ಗೋಡೆಯಾಚೆಯ ಮನೆಯ ಅನ್ವರ್ ಸಾಹೇಬರು ಟೈಲರ್. ದಿನಾ ಸಂಜೆ ಗೋಡೆಯ ಮೇಲೆ ಇಬ್ಬರೂ ಟೀ ಲೋಟ ಇಟ್ಟುಕೊಂಡು ಹರಟುವ ಗೆಳೆತನ ನಮ್ಮದು. ನಕ್ಷೆ ನೋಡಿ, "ಸಾರ್, ಸಸಿ ಸಸಿ ಮಧ್ಯೆ ಒಂದು ಗೇಣು ಜಾಗ ಬಿಡಿ," ಎಂದರು. ಇವರಿಗೇಕೆ ನನ್ನ ಪಾತಿಯ ಮೇಲೆ ಇಷ್ಟು ಆಸಕ್ತಿ? ಅನುಮಾನದ ಮೊದಲ ಬೀಜ ಬಿತ್ತು.

ಶ್ರೀನಿವಾಸಪುರ ರಸ್ತೆಯ ನರ್ಸರಿಯಲ್ಲಿ ಸಸಿ ತೆಗೆದುಕೊಂಡೆ. "ಇವಕ್ಕೆ ಬೇರು ಇದೆಯೇನಮ್ಮ?" ಎಂದು ವಿಚಾರಿಸಿದೆ.

ನರ್ಸರಿಯಾಕೆ ನಕ್ಕಳು. "ಅಯ್ಯೋ, ಬೇರಿಲ್ದೆ ನಿಂತ್ಕೊಳ್ತದಾ ಸಾರ್? ಮಣ್ಣಿಗಿಟ್ಟು ಸುಮ್ನಿದ್ಬಿಡಿ."

ಸುಮ್ಮನಿರಿ ಎನ್ನುವವರನ್ನು ನಾನು ಬಸ್ಸಿನಲ್ಲಿ ಎಷ್ಟು ನೋಡಿಲ್ಲ! ಅವರಲ್ಲಿ ಒಬ್ಬರ ಹತ್ತಿರವೂ ಟಿಕೆಟ್ ಇರುತ್ತಿರಲಿಲ್ಲ.

ನೆಟ್ಟ ಮೂರನೆಯ ದಿನ ಒಂದು ಸೇವಂತಿಗೆ ತಲೆ ಬಾಗಿಸಿ ನಿಂತಿತ್ತು. ಚೆಕಿಂಗ್‌ನವರು ಹತ್ತಿದ ಕೂಡಲೇ ನಿದ್ದೆ ಬಂದವನಂತೆ ನಟಿಸುವ ಪ್ರಯಾಣಿಕನ ಭಂಗಿ ಅದು. ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ, ಬೇರು ನೋಡಿ, ಮತ್ತೆ ಇಟ್ಟೆ. ಒಂದನ್ನೇ ಪರೀಕ್ಷಿಸಿದರೆ ಪಕ್ಷಪಾತವಾಗುತ್ತದಲ್ಲ? ಅಕ್ಕಪಕ್ಕದವನ್ನೂ ಎತ್ತಿ ನೋಡಿದೆ. ಅಂದಿನಿಂದ ಪ್ರತಿದಿನ ಬೆಳಿಗ್ಗೆ ದಿಢೀರ್ ತಪಾಸಣೆ ಶುರುವಾಯಿತು.

ಎರಡು ವಾರದಲ್ಲಿ ಮುಂದಿನ ಸಾಲು ಒಣಗಿತು. ನಡುವಿನ ಸಾಲು ಹಳದಿಯಾಯಿತು. ಯಾರೋ ಏನೋ ಮಾಡುತ್ತಿದ್ದಾರೆ! ಒಂದು ದಿನ ಕಿಟಕಿಯ ಮರೆಯಲ್ಲಿ ನಿಂತು ಕಾದೆ. ಸಾಹೇಬರು ಗೋಡೆಯ ಮೇಲಿನಿಂದ ಬಗ್ಗಿ, ಉದ್ದ ಹಿಡಿಯ ಮಗ್ಗಿನಿಂದ ನನ್ನ ಪಾತಿಗೆ ಏನನ್ನೋ ಸುರಿಯುತ್ತಿದ್ದರು! ಓಡಿ ಹೋಗಿ ಮಣ್ಣು ಮೂಸಿದೆ. ಯಾವ ವಾಸನೆಯೂ ಇರಲಿಲ್ಲ. ವಾಸನೆ ಬರದ ವಿಷ! ಆವತ್ತೇ ಸಂಜೆಯ ಟೀ ನಿಲ್ಲಿಸಿದೆ. ಗೋಡೆಯ ಮೇಲೆ ಅವರ ಲೋಟ ಒಂದೇ ಆರುತ್ತಾ ಕೂತಿತ್ತು.

ನಮ್ಮ ಕಡೆ ಟೊಮೆಟೊ ತೋಟಕ್ಕೆ ಸುತ್ತಲೂ ಹಳೇ ಸೀರೆ ಕಟ್ಟುವುದು ವಾಡಿಕೆ. ದನ ನುಗ್ಗುವುದಿಲ್ಲ, ಕಂಡವರ ಕಣ್ಣೂ ಬೀಳುವುದಿಲ್ಲ. ನಾನೂ ಕೋಲು ನೆಟ್ಟು, ಪಾತಿಗೆ ಸೀರೆ ಸುತ್ತಿದೆ.

"ಹೂವು ಕಾಣ್ಬೇಕು ಅಂದೆ ಕಣ್ರೀ, ಸೀರೆ ಕಾಣ್ಬೇಕು ಅನ್ಲಿಲ್ಲ!" ಎಂದಳು ಸರೋಜ.

"ಭದ್ರತೆ ಮುಖ್ಯ," ಎಂದೆ ಗಂಭೀರವಾಗಿ.

ಹಬ್ಬದ ಬೆಳಿಗ್ಗೆ ನೋಡಿದರೆ ಗೇಟಿನ ಕಡೆ ಒಂದು ಸಂದು ಉಳಿದಿತ್ತು. ಸರೋಜ ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತಿದ್ದಳು. ಬೀರುವಿನ ಕೆಳಗಿನ ಅರೆಯಿಂದ ಒಂದು ಹಸಿರು ಸೀರೆ ಎಳೆದು ಕಟ್ಟಿ ಮುಗಿಸಿದೆ. ಸ್ವಲ್ಪ ಹೊತ್ತಿಗೇ ಆಟೋ ನಿಂತಿತು.

"ಸರೋಜಾ, ಹೋದ ಹಬ್ಬಕ್ಕೆ ನಾನು ಕೊಟ್ಟ ಸೀರೆ ಅಲ್ವೇನೇ ಇದು?" ಗೇಟಿನಲ್ಲೇ ನಿಂತು ಅಕ್ಕ ಕೂಗಿದರು.

ಸರೋಜ ಸೌಟು ಹಿಡಿದೇ ಓಡಿ ಬಂದಳು. ಒಂದೇ ಎಳೆತಕ್ಕೆ ಸೀರೆ ಅವಳ ಕೈಯಲ್ಲಿ, ಪಾತಿ ಬಯಲಲ್ಲಿ! ಮುಂದೆ ಒಣಗಿದ ಕಡ್ಡಿಗಳು. ನಡುವೆಯೂ ಕಡ್ಡಿಗಳು. ಗೋಡೆಯ ಬುಡದ ಸಾಲಿನಲ್ಲಿ ಮಾತ್ರ ಚೆಂಡುಹೂವು ಕಿಕ್ಕಿರಿದು ಅರಳಿತ್ತು. ಸರೋಜಳ ಕಣ್ಣಲ್ಲಿ ನೀರು ಬಂತು.

"ಇನ್ನೇನು ಸಾಕ್ಷಿ ಬೇಕು?" ಎಂದು ಗುಡುಗಿದೆ. ಗೋಡೆಯಾಚೆ ಸಾಹೇಬರು ನಿಂತಿದ್ದರು. "ನಿಮ್ಮ ಪಕ್ಕದ್ದು ಮಾತ್ರ ಉಳಿದಿದೆ! ಮಿಕ್ಕಿದ್ದು ಸತ್ತದ್ದು ಹೇಗೆ ಸಾಹೇಬ್ರೇ?"

ಅವರು ತಲೆ ಕೆರೆದುಕೊಂಡರು. "ಸಾರ್, ಸಸಿ ಕೀಳೋರನ್ನ ನಾನು ದಿನಾ ನೋಡ್ತಿದ್ದೆ. ಹೇಳೋಕೆ ಸಂಕೋಚ ಆಯ್ತು."

"ಯಾರದು? ಹೆಸರು ಹೇಳಿ!"

"ನೀವೇ ಸಾರ್. ಬೆಳಿಗ್ಗೆ ಎದ್ದು ಕೀಳ್ತೀರ, ನೋಡ್ತೀರ, ಇಡ್ತೀರ. ನೀವು ಒಳಗೆ ಹೋದ್ಮೇಲೆ ಬೇರು ಹಿಡ್ಕೊಳ್ಲಿ ಅಂತ ನಾನು ನೀರು ಹಾಕ್ತಿದ್ದೆ. ಆದ್ರೂ ಉಳೀಲಿಲ್ಲ."

"ಮತ್ತೆ ಹಿಂದಿನ ಸಾಲು?"

"ಅಲ್ಲಿಗೆ ನಿಮ್ಮ ಕೈ ಎಟುಕಲ್ಲ ಸಾರ್."

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದ ಸರೋಜಳೂ ನಕ್ಕುಬಿಟ್ಟಳು. ನನಗೆ ಮಾತ್ರ ಭೂಮಿಯೊಳಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಅಷ್ಟು ದಿನ ಗೋಡೆಯ ಮೇಲೆ ಒಂಟಿಯಾಗಿ ಆರಿಹೋದ ಆ ಟೀ ಲೋಟ ನೆನಪಾಯಿತು. ಒಬ್ಬಟ್ಟಿನ ತಟ್ಟೆಯನ್ನು ನಾನೇ ತಂದು ಗೋಡೆಯ ಮೇಲಿಟ್ಟೆ. "ತಪ್ಪಾಯ್ತು ಸಾಹೇಬ್ರೇ," ಎಂದೆ.

"ಬಿಡಿ ಸಾರ್. ಟೀ ಎಲ್ಲಿ?" ಎಂದರು.

ಈಗ ಸರೋಜ ಮತ್ತು ಸಾಹೇಬರು ಸೇರಿ ಹೊಸ ಸಸಿ ನೆಟ್ಟಿದ್ದಾರೆ. ಪಾತಿಯಿಂದ ಮೂರಡಿ ದೂರ ನಿಂತು ನೋಡಲು ನನಗೆ ಅನುಮತಿಯಿದೆ. ನಿನ್ನೆ ಒಂದು ಸೇವಂತಿಗೆ ಯಾಕೋ ಸ್ವಲ್ಪ ಬಾಗಿದಂತೆ ಕಂಡಿತು. ನಾನು ಸುಮ್ಮನೆ ಬಗ್ಗಿದೆ, ಅಷ್ಟೇ.

"ಕೈ ತೆಗೀರಿ!" ಅಡುಗೆಮನೆಯ ಕಿಟಕಿಯಿಂದ ಸರೋಜ.

"ಸಾರ್, ಕೈ!" ಗೋಡೆಯಾಚೆಯಿಂದ ಸಾಹೇಬರು.

ಟಿಕೆಟ್ ಇಲ್ಲದೆ ಸಿಕ್ಕಿಬಿದ್ದ ಪ್ರಯಾಣಿಕನಂತೆ ಎರಡೂ ಕೈ ಜೇಬಿಗೆ ಹಾಕಿಕೊಂಡು ತೆಪ್ಪಗೆ ಒಳಗೆ ಹೋದೆ.